ಮಳೆ ನಿಂತ ಮೇಲಿನ ಸಭೆಗಳು

ನಮ್ಮ ಮನೆ ಜಗಲಿಯ ಮೂಲೆಯಲ್ಲಿ ಒಂದು ಮೊಳೆಗೆ ಉದ್ದನೆಯ ನೋಟ್‌ಬುಕ್ ನೇತಾಡುತ್ತಿರುತ್ತದೆ. ಮಳೆ ಲೆಕ್ಕದ ಪುಸ್ತಕ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಮಾಪಕ ಎತ್ತಿ, ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯಬೇಕು. ಅಪ್ಪ ಶುರು ಮಾಡಿದ್ದು, ಈಗ ನಾನು ಬರೆಯುತ್ತೇನೆ. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ. ತೋಟದವರ ಬಾಯಲ್ಲಿ ಇನ್ನೂ ಇಂಚು, ಸೆಂಟೇ. ನೂರು ಸೆಂಟಿಗೆ ಒಂದು ಇಂಚು. ಮಾರ್ಚಿನಲ್ಲಿ ಇಬ್ಬರು ಬೆಳೆಗಾರರು ಸಂತೆಯಲ್ಲಿ ಎದುರಾದರೆ ಮೊದಲು ಕೇಳೋದು ಯೋಗಕ್ಷೇಮ ಅಲ್ಲ, "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಅಂತ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಒಂದು ಇಂಚು ಬಿದ್ದಿದ್ದರೆ ಮುಖ ಅರಳಿರುತ್ತದೆ. ಮೂವತ್ತು ಸೆಂಟ್ ಬಿದ್ದು ನಿಂತಿದ್ದರೆ ಮಾತೇ ಇರುವುದಿಲ್ಲ.

ಆ ಪುಸ್ತಕದಲ್ಲಿ 2018ರ ಆಗಸ್ಟ್ ಪುಟ ಒಂದಿದೆ. 16ನೇ ತಾರೀಖಿನ ಎದುರು ಅಂಕಿ ಇಲ್ಲ. "ತುಂಬಿ ಹರಿದಿದೆ" ಅಂತ ಬರೆದಿದ್ದೇನೆ, ಅಷ್ಟೇ. ಆಮೇಲೆ ಒಂಬತ್ತು ದಿನ ಖಾಲಿ. ನಾವು ಮನೆಯಲ್ಲಿ ಇರಲಿಲ್ಲ.

ನಾವಿರುವುದು ಕೊಡಗಿನ ಮಾದಾಪುರದ ಕಡೆ. ಮಳೆ ಜೋರಾಗಿರುವ ಕಕ್ಕಡ ತಿಂಗಳು ಮುಗಿಯುವ ಹೊತ್ತು ಅದು. ಜೂನ್‌ನಿಂದ ಬಿಡುವು ಕೊಡದೆ ಸುರಿದಿದ್ದ ಮಳೆಗೆ ನೆಲ ಕಾಲಿಟ್ಟಲ್ಲೆಲ್ಲ ಜಿಗಿಯುತ್ತಿತ್ತು. ಜುಲೈ 9ರಂದು ಸಣ್ಣದಾಗಿ ಭೂಮಿ ನಡುಗಿತ್ತು, ಅದರ ಮಾತು ಇನ್ನೂ ನಿಂತಿರಲಿಲ್ಲ. 16ರ ರಾತ್ರಿ ಅಡುಗೆಮನೆ ನೆಲದ ಸಂದಿಯಿಂದ ಕೆಂಪು ನೀರು ಬರತೊಡಗಿತು. ಹೊರಗಿನಿಂದ ಒಳಗೆ ನುಗ್ಗಿದ ನೀರಲ್ಲ, ಕೆಳಗಿಂದ ಮೇಲೆ ಬಂದದ್ದು. ಪೇಪರಿನವರು ಅದನ್ನು ಜಲಸ್ಫೋಟ ಅಂತ ಬರೆದರು. ನಮ್ಮ ಮನೆಯಲ್ಲಿ ಸ್ಫೋಟದ ಸದ್ದೇನೂ ಇರಲಿಲ್ಲ, ಸುಮ್ನೆ ಬುಳುಬುಳು ಅಂತಿತ್ತು. ಬೆಳಗಾಗುವ ಮೊದಲು ಎದುರಿನ ಗುಡ್ಡದಿಂದ ಜಲ್ಲಿ ಲಾರಿ ಸುರಿದಂಥ ಸದ್ದು ಬಂತು. ಜೊತೆಗೆ ಹಸಿ ಮಣ್ಣಿನ ವಾಸನೆ. ಮೊದಲ ಮಳೆಯ ಘಮ ಅಲ್ಲ, ಬಾವಿ ತೋಡುವಾಗ ಬರುತ್ತದಲ್ಲ, ಆ ವಾಸನೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ. ನೆಂಟರಿರುವ ಊರುಗಳ ಹೆಸರೆಲ್ಲ ಆ ಎರಡು ದಿನದಲ್ಲಿ ಸುದ್ದಿಯಾದವು.

ಕೊಡಗಿನಲ್ಲಿ ಮನೆ ಹಿಂದೆ ಕಡಿದ ಮಣ್ಣಿನ ಗೋಡೆಗೆ 'ಬರೆ' ಅಂತೀವಿ. ಇಳಿಜಾರಿನಲ್ಲಿ ಒಂದು ಚಪ್ಪಟೆ ಜಾಗ ಬೇಕಂದರೆ ಬರೆ ಕಡಿಯಲೇಬೇಕು. ನಮ್ಮಜ್ಜನ ಕಾಲದಲ್ಲಿ ಗುದ್ದಲಿಯಲ್ಲಿ ಕಡಿಯುತ್ತಿದ್ದರು. ಗುದ್ದಲಿಗೆ ಒಂದು ಒಳ್ಳೆಯ ಗುಣ ಇತ್ತು, ಬೇಗ ಸುಸ್ತಾಗುತ್ತಿತ್ತು. ಜೆಸಿಬಿಗೆ ಸುಸ್ತಿಲ್ಲ. 2014ರಲ್ಲಿ ಕಾರ್ ಶೆಡ್ ಮತ್ತು ಮುಂದೆ ಎಂದಾದರೂ ಹೋಂಸ್ಟೇ ಮಾಡೋಣ ಅನ್ನೋ ಆಸೆಗೆ ಒಂದೂವರೆ ದಿನದಲ್ಲಿ ನಾನು ಹದಿನೆಂಟು ಅಡಿ ಬರೆ ಕಡಿಸಿದ್ದೆ. ಗುಡ್ಡದ ಮೇಲ್ಭಾಗದಲ್ಲಿ ಸ್ಪ್ರಿಂಕ್ಲರ್‌ಗೆ ಅಂತ ಒಂದು ಕೆರೆಯನ್ನೂ ಅದೇ ಜೆಸಿಬಿಯಲ್ಲಿ ತೋಡಿಸಿದ್ದೆ. ಬುಡ ಕಡಿದು ತಲೆ ಮೇಲೆ ನೀರು ಹೊರಿಸಿದರೆ ಗುಡ್ಡಕ್ಕೆ ಏನಾಗುತ್ತದೆ ಅನ್ನೋದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಆದರೆ ಆಗ ಹೊಳೆಯಲಿಲ್ಲ. ಇಡೀ ಊರೇ ಅದನ್ನು ಮಾಡುತ್ತಿತ್ತು.

ಆಗಸ್ಟ್ 17ರ ಮಧ್ಯಾಹ್ನ ಕೆರೆಯ ಏರಿ ಜರಿಯಿತು. ಮಣ್ಣು, ನೀರು, ಎರಡು ಸಿಲ್ವರ್ ಓಕ್ ಮರ, ಅರ್ಧ ಎಕರೆ ಅರೇಬಿಕಾ, ಎಲ್ಲ ಸೇರಿ ಕೆಳಗಿಳಿದು ತೋಟದ ಕೆಲಸದವರಿರುವ ನಮ್ಮ ಲೈನ್ ಮನೆಗಳ ಹಿಂದೆ ಸುಮಾರು ಇಪ್ಪತ್ತಡಿ ದೂರದಲ್ಲಿ ನಿಂತಿತು. ಯಾಕೆ ನಿಂತಿತು ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಒಳಗೆ ಯಾರೂ ಇರಲಿಲ್ಲ, ಬೆಳಿಗ್ಗೆಯೇ ಎಲ್ಲರೂ ಪರಿಹಾರ ಕೇಂದ್ರಕ್ಕೆ ಬಂದಾಗಿತ್ತು.

ಆ ಪರಿಹಾರ ಕೇಂದ್ರದ ಬಗ್ಗೆ ಹೇಳಬೇಕು. ಒಂದು ಕಲ್ಯಾಣ ಮಂಟಪ. ಹಾಲಿನ ತುಂಬ ಚಾಪೆ, ಜಮಖಾನ. ಒಂದು ಮೂಲೆಯಲ್ಲಿ ನಾವು, ಪಕ್ಕದಲ್ಲಿ ನಮ್ಮ ಲೈನಿನವರು, ಆಚೆ ಕಡೆ ಎಪ್ಪತ್ತು ಎಕರೆ ತೋಟದ ಒಬ್ಬ ಹಿರಿಯರು ಸ್ವೆಟರ್ ಮಡಚಿ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಕೊಡವ ಭಾಷೆ, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವರ ಮಾತು, ಅಸ್ಸಾಮಿನ ಹುಡುಗರ ಹಿಂದಿ, ಎಲ್ಲ ಒಂದೇ ಸೂರಿನಡಿ. ಊಟ ಬಡಿಸುತ್ತಿದ್ದ ಕಾಲೇಜು ಹುಡುಗಿ ನಮ್ಮ ಲೈನಿನ ಹಿರಿಯ ಹೆಂಗಸಿಗೆ "ಅಮ್ಮಾ, ನೀವು ಇನ್ನೊಂಚೂರು ಹಾಕಿಸಿಕೊಳ್ಳಿ" ಅಂದಳು. ನಾನು ತಲೆ ಎತ್ತಿ ನೋಡಿದೆ. ಹದಿನೈದು ವರ್ಷ ಅವರು ನಮ್ಮ ತೋಟದಲ್ಲಿ ಕೆಲಸ ಮಾಡಿದ್ದರು, ನನಗಿಂತ ದೊಡ್ಡವರು, ಮತ್ತು ನಾನು ಒಂದು ದಿನವೂ 'ನೀವು' ಅಂದಿರಲಿಲ್ಲ. ಅವರ ಹೆಸರು ಇಲ್ಲಿ ಬೇಡ, ಅಕ್ಕ ಅಂತ ಕರೆಯುತ್ತೇನೆ. ಆವತ್ತಿನಿಂದ ಹಾಗೆಯೇ ಕರೆಯುವುದು.

ರಾತ್ರಿ ಕರೆಂಟ್ ಇರುತ್ತಿರಲಿಲ್ಲ. ನಿದ್ದೆಯೂ ಬರುತ್ತಿರಲಿಲ್ಲ. ಎರಡನೇ ರಾತ್ರಿಯೋ ಮೂರನೇ ರಾತ್ರಿಯೋ, ಕತ್ತಲಲ್ಲಿ ಮಾತು ಶುರುವಾಯಿತು. ಯಾರ ಜಾಗ ಎಲ್ಲಿ ಬಿರುಕು ಬಿಟ್ಟಿತ್ತು, ಯಾವ ತೋಡು ದಿಕ್ಕು ಬದಲಿಸಿತ್ತು, ಎಷ್ಟು ದಿನ ಮೊದಲು ಬಾವಿ ನೀರು ಕೆಂಪಾಗಿತ್ತು. ಕತ್ತಲಾದ್ದರಿಂದ ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಮಾತಾಡಿದರು. ಅಕ್ಕ ಹೇಳಿದರು: "ಕೆರೆ ಏರಿ ಕೆಳಗೆ ಜುಲೈನಿಂದಲೇ ಒಸರ್ತಾ ಇತ್ತು. ಕಾಫಿ ಗಿಡದ ಬುಡದಲ್ಲಿ ಏಡಿ ಬಂದು ಕೂತಿದ್ವು."

ನಾನು ಕೇಳಿದೆ, "ಮತ್ತೆ ಯಾಕೆ ಹೇಳಲಿಲ್ಲ?"

"ಮೇಸ್ತ್ರಿಗೆ ಹೇಳಿದ್ದೆ ಸಾವ್ಕಾರ್ರೆ. ಮಳೆಗಾಲದಲ್ಲಿ ಎಲ್ಲಾ ಕಡೆ ಒಸರುತ್ತೆ, ನೀನು ಸೊಪ್ಪು ಕುಯ್ಯೋದು ನೋಡು ಅಂದ್ರು."

ಮೇಸ್ತ್ರಿಯೂ ಅದೇ ಹಾಲಿನಲ್ಲಿ ಮಲಗಿದ್ದ. ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ನನಗೆ ಹೇಳಿದ್ದರೆ ನಾನು ಬೇರೆ ಏನು ಅಂದಿರುತ್ತಿದ್ದೆ?

ಈ ಎಂಟು ಹತ್ತು ವರ್ಷದಲ್ಲಿ ಕೊಡಗಿನಲ್ಲಿ ನಡೆದ ಸಭೆ, ಸಂವಾದ, ವಿಚಾರ ಸಂಕಿರಣಗಳಲ್ಲಿ ಎಷ್ಟಕ್ಕೋ ಹೋಗಿ ಕೂತಿದ್ದೇನೆ. ಆ ಕತ್ತಲ ಹಾಲಿನ ಮಟ್ಟಕ್ಕೆ ಏರಿದ ಒಂದೂ ಸಿಗಲಿಲ್ಲ.

ಮಳೆ ನಿಂತ ಕೂಡಲೇ ಸಭೆಗಳ ಕಾಲ ಶುರುವಾಗುತ್ತದೆ. ಸೆಪ್ಟೆಂಬರಿನಿಂದ ಕಾಫಿ ಕುಯ್ಲಿನವರೆಗೆ. ಕುಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿಲ್ಲ. ಸಭೆ ಎಲ್ಲಿ ಅನ್ನೋದರಲ್ಲೇ ಯಾರು ಬರುತ್ತಾರೆ ಅನ್ನೋದೂ ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಒಂದೊಂದು ಜನಾಂಗಕ್ಕೂ ಒಂದೊಂದು ಸಮಾಜ, ಅದಕ್ಕೊಂದು ಭವನ. ಬೆಳೆಗಾರರ ಸಭೆ ಒಂದು ಕಡೆ, ಹೋಂಸ್ಟೇಯವರದು ಇನ್ನೊಂದು ಕಡೆ, ಕಾರ್ಮಿಕರದು ಮತ್ತೊಂದು ಕಡೆ, ಪರಿಸರದವರದು ಮಗದೊಂದು ಕಡೆ. ಆನೆಗೊಂದು ದಿನ, ಭೂಕುಸಿತಕ್ಕೊಂದು ದಿನ, ಹಾಡಿಗಳ ಆದಿವಾಸಿ ಜನರ ಹಕ್ಕಿಗೊಂದು ದಿನ. ಆದರೆ ಆನೆ ನಡೆಯುವುದು, ಗುಡ್ಡ ಜಾರುವುದು, ಹಾಡಿಯವರು ಕೆಲಸಕ್ಕೆ ಹೋಗುವುದು ಎಲ್ಲ ಒಂದೇ ದಾರಿಯಲ್ಲಿ. ಊರವರು ಸೇರುವ ಮೈದಾನವಾದ ಊರು ಮಂದ್‌ಗಳಲ್ಲಿ, ಊರ ಮುಖ್ಯಸ್ಥರಾದ ತಕ್ಕರ ಮುಂದೆ ಕೂತು ಮಾತಾಡುತ್ತಿದ್ದ ಕಾಲವನ್ನು ನೆನಸಿಕೊಂಡು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ನನಗೆ ಅಷ್ಟು ನಿಟ್ಟುಸಿರು ಬರುವುದಿಲ್ಲ. ಅಲ್ಲಿಯೂ ಅಕ್ಕನಂಥವರಿಗೆ ಜಾಗ ಎಲ್ಲಿತ್ತು?

ಇನ್ನೊಂದು ವಿಷಯ. 4,102 ಚದರ ಕಿಲೋಮೀಟರಿನ ಜಿಲ್ಲೆ, 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನ. 1952ರಲ್ಲಿ ಕೊಡಗು ಇನ್ನೂ ಸಿ ದರ್ಜೆಯ ರಾಜ್ಯವಾಗಿದ್ದಾಗ ನಮಗೇ ಅಂತ 24 ಸದಸ್ಯರ ವಿಧಾನಸಭೆ ಇತ್ತು. 1956ರಲ್ಲಿ ಮೈಸೂರಿಗೆ ಸೇರಿದೆವು. ಈಗ ಇಬ್ಬರು ಶಾಸಕರು, ಸಂಸದರನ್ನು ಮೈಸೂರಿನ ಜೊತೆ ಹಂಚಿಕೊಳ್ಳುತ್ತೇವೆ. ಹಾಗಾಗಿ ನಮ್ಮ ಮಾತು ಯಾರೂ ಕೇಳುತ್ತಿಲ್ಲ ಅನ್ನೋ ಸಿಟ್ಟು ಸುಳ್ಳಲ್ಲ. ಆದರೆ ಆ ಸಿಟ್ಟು ಒಂದು ಅಭ್ಯಾಸವೂ ಆಗಿಬಿಟ್ಟಿದೆ. ಯಾವ ವಿಷಯ ತೆಗೆದರೂ ತಪ್ಪು ಜಿಲ್ಲೆಯ ಗಡಿಯಾಚೆ ಇರುವವರದೇ. ಹೈಟೆನ್ಶನ್ ಲೈನಿಗೆ ಸಾವಿರಾರು ಮರ ಕಡಿದವರು ಹೊರಗಿನವರು, ಹೌದು. ವೀಕೆಂಡಿಗೆ ಬಂದು ಬಾಟಲಿ ಬಿಸಾಕುವವರು ಹೊರಗಿನವರು, ಅದೂ ಹೌದು. ಆದರೆ ನಮ್ಮ ಬರೆ ಕಡಿಸಿದ್ದು ಯಾರು? ಆ ಸಭೆಗಳಲ್ಲಿ ಮೈಕ್ ಸಿಕ್ಕಾಗ ನಾನೂ ಟೂರಿಸ್ಟರನ್ನೇ ಬೈದಿದ್ದೇನೆ. ಚಪ್ಪಾಳೆಯೂ ಬಿದ್ದಿದೆ. ನನ್ನ ಹದಿನೆಂಟು ಅಡಿಯ ಬಗ್ಗೆ ತುಟಿ ಬಿಚ್ಚಲಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 2018ರ ಕುಸಿತಗಳನ್ನು ನೋಡಿಕೊಂಡು ಹೋಗಿ, ಭಾರೀ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಅಂತ ಇಳಿಜಾರನ್ನು ಬೇಕಾದ ಹಾಗೆ ಕಡಿದದ್ದೂ ಕಾರಣ ಅಂದರು. ನಮ್ಮ ಕಡೆ ಇದಕ್ಕೆ ತಕ್ಷಣ ಬಂದ ಉತ್ತರ, "ಹಾಗಾದ್ರೆ ಕಾಡಿನೊಳಗೆ ಯಾಕೆ ಜಾರಿತು?" ಅಂತ. ಪ್ರಶ್ನೆ ಸರಿಯಾಗಿಯೇ ಇದೆ. ಯಾರೂ ಕೈ ಹಚ್ಚದ ಗುಡ್ಡಗಳೂ ಜಾರಿದವು. ಬಂಡೆಯ ಮೇಲೆ ದಪ್ಪ ಮಣ್ಣು ಕೂತಿದೆ, ವಾರಗಟ್ಟಲೆ ನೀರು ಕುಡಿದರೆ ಅದು ತನ್ನ ಭಾರಕ್ಕೆ ತಾನೇ ಜಾರುತ್ತದೆ. ಮರು ವರ್ಷ ಆಗಸ್ಟಿನಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಕುಸಿತ. ಎರಡು ಕಡೆಯೂ ಜನ ಮಣ್ಣಿನಡಿ ಸೇರಿದರು. ಗಜಗಿರಿಯ ಮೇಲೆ ಅರಣ್ಯ ಇಲಾಖೆ ಹಿಂದೆ ತೋಡಿಸಿದ್ದ ಇಂಗುಗುಂಡಿಗಳೇ ಕಾರಣ ಅಂತ ಆಗ ದೊಡ್ಡ ಮಾತಾಯಿತು. ನನಗೆ ನಗು ಬಂತು, ಬೇಸರದ ನಗು. ತೋಟದಲ್ಲಿ ನೀರಿಂಗಲಿ ಅಂತ ಕಾಫಿ ಸಾಲಿನ ನಡುವೆ ನಾವೆಲ್ಲ ತೊಟ್ಟಿಲು ಗುಂಡಿ ತೆಗೆಯುವವರೇ. ಬೇಸಿಗೆಗೆ ಒಳ್ಳೆಯದು. ಕಡಿದಾದ ಇಳಿಜಾರಿನಲ್ಲಿ, ಬಿಡದೆ ಸುರಿವ ಆಗಸ್ಟಿನಲ್ಲಿ ಒಳ್ಳೆಯದೋ? ಇದನ್ನು ಕೂತು ಮಾತಾಡಬೇಕಿತ್ತು, ಅಲ್ವಾ? ಮಾತಾಡಿದ್ದು ಗುಂಡಿ ತೋಡಿಸಿದ ಅಧಿಕಾರಿ ಯಾರು ಅಂತ.

ಪಶ್ಚಿಮ ಘಟ್ಟ ಉಳಿಸೋದರ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯ ಕಥೆ ಇನ್ನೂ ಉದ್ದ. ಅದಕ್ಕೆ ಮೊದಲು ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಜನರಿಗೆ ಅದು ಸಿಕ್ಕಿದ್ದು 2012ರಲ್ಲಿ, ಮಾಹಿತಿ ಹಕ್ಕಿನಡಿ ಜಗಳವಾಡಿದ ಮೇಲೆ. ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕು ಅಂತ ಹೇಳಿದ ವರದಿಯನ್ನು ಗ್ರಾಮಸಭೆಗೆ ಸಿಗದ ಹಾಗೆ ಇಟ್ಟಿದ್ದರು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ಇಟ್ಟುಕೊಂಡು, ಒಂದು ಗ್ರಾಮದಲ್ಲಿ ಶೇಕಡ 20 ಅಥವಾ ಅದಕ್ಕಿಂತ ಜಾಸ್ತಿ ಸೂಕ್ಷ್ಮವಾದ ನೈಸರ್ಗಿಕ ಭೂಮಿ ಇದ್ದರೆ ಅದು ಪರಿಸರ ಸೂಕ್ಷ್ಮ ಪ್ರದೇಶ ಅಂತ ಪಟ್ಟಿ ಮಾಡಿತು. ಕೊಡಗಿನ 55 ಗ್ರಾಮಗಳು ಬಂದವು. ಮರದ ನೆರಳಿನ ಕಾಫಿ ತೋಟ ಆಕಾಶದಿಂದ ಕಾಡಿನ ಹಾಗೇ ಕಾಣುತ್ತದೆ ಅನ್ನೋದು ನಮ್ಮವರ ತಕರಾರು. ತಕರಾರಿಗೆ ಅರ್ಥ ಇತ್ತು. ಆದರೆ ಊರಿನ ಸಭೆಗಳಲ್ಲಿ ಓಡಾಡಿದ್ದು ಅದಲ್ಲ. "ಮನೆಗೆ ಹೆಂಚು ಬದಲಿಸೋಕೂ ಪರ್ಮಿಷನ್ ಬೇಕಂತೆ." "ತೋಟಕ್ಕೆ ಗೊಬ್ಬರ ಹಾಕೋ ಹಾಗಿಲ್ಲವಂತೆ." ನಾನು ಇದನ್ನು ನಂಬಿ ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ಎಷ್ಟೋ ದಿನದ ಮೇಲೆ ಕೇಂದ್ರದ ಕರಡು ಅಧಿಸೂಚನೆಯನ್ನು ಮಗಳ ಹತ್ತಿರ ಓದಿಸಿದೆ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯೋದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇವಕ್ಕೆ ತಡೆ. ಹೆಂಚಿನ ಮಾತೇ ಇಲ್ಲ.

ಕರಡು ಒಂದಾದ ಮೇಲೊಂದು ಬಂದವು. ಆರನೆಯದು 2024ರ ಜುಲೈ 31ರಂದು. ಹಿಂದಿನ ದಿನ ಬೆಳಗಿನ ಜಾವ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿ ಹೋಗಿದ್ದವು. ನಮ್ಮ ಕುಟ್ಟ ದಾಟಿದರೆ ವಯನಾಡು. ಎರಡು ವಾರ ನಮ್ಮಲ್ಲಿ ಯಾರೂ ವರದಿಯನ್ನು ಬೈಯಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸಚಿವ ಸಂಪುಟ ವರದಿ ಬೇಡ ಅಂತ ಮತ್ತೆ ತೀರ್ಮಾನಿಸಿತು, ನಮ್ಮ ಕಡೆ ಸಿಹಿ ಹಂಚಿದವರೂ ಇದ್ದರು. ನಾನು ಆ ವರದಿಯ ಪರವೂ ಅಲ್ಲ, ವಿರೋಧವೂ ಅಲ್ಲ. ಅದನ್ನು ಒಪ್ಪೋದೋ ಬಿಡೋದೋ ಅನ್ನೋ ಎರಡೇ ಪ್ರಶ್ನೆಯಲ್ಲಿ ಹನ್ನೆರಡು ವರ್ಷ ಹೋಯಿತು. ಅದು ಬೇಡ ಅಂದರೆ ನಮ್ಮ ಗುಡ್ಡಕ್ಕೆ ನಾವೇ ಹಾಕಿಕೊಳ್ಳುವ ನಿಯಮ ಏನು ಅನ್ನೋ ಮೂರನೇ ಪ್ರಶ್ನೆಯನ್ನು ನಾನು ಹೋದ ಯಾವ ಸಭೆಯಲ್ಲೂ ಯಾರೂ ಕೇಳಲಿಲ್ಲ.

ಆನೆ ಸಭೆಗಳಿಗೆ ಮಾತ್ರ ಜನ ತುಂಬಿರುತ್ತಾರೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ. ಕಂದಕ, ಸೋಲಾರ್ ಬೇಲಿ, ಹಳೇ ರೈಲ್ವೆ ಕಂಬಿಯ ತಡೆಗೋಡೆ, ಎಲ್ಲ ಬಂದವು. ಒಂದು ಕಡೆ ಬೇಲಿ ಗಟ್ಟಿಯಾದರೆ ಆನೆ ಪಕ್ಕದವನ ತೋಟಕ್ಕೆ ತಿರುಗುತ್ತದೆ. ಹಲಸು ಹಣ್ಣಾಗುವ ಮೊದಲೇ ಎಳೆಗಾಯಿಗಳನ್ನು ಕೆಡವಿ ಹಾಕುವವರಿದ್ದಾರೆ. ಈಗ ಆನೆಗಳು ಕಾಫಿ ಹಣ್ಣನ್ನೂ ತಿನ್ನುತ್ತವೆ, ಲದ್ದಿಯಲ್ಲಿ ಬೀಜ ಮೊಳೆತು ನಿಂತಿರೋದನ್ನು ನಾನೇ ನೋಡಿದ್ದೇನೆ. ಸಭೆಯಲ್ಲಿ ನಾವು ಲೆಕ್ಕ ಹೇಳೋದು ಮುರಿದ ಗಿಡದ್ದು, ಬಿದ್ದ ಗೇಟಿನದು. ಒಮ್ಮೆ ಸಿದ್ದಾಪುರದ ಕಡೆಯ ಒಂದು ಸಭೆಯಲ್ಲಿ ಹಿಂದಿನ ಸಾಲಿನ ಒಬ್ಬ ಕಾರ್ಮಿಕ ಎದ್ದು ಒಂದೇ ಮಾತು ಹೇಳಿದ: "ಕೆಲಸ ಎಂಟು ಗಂಟೆಗೆ ಅಂತೀರಿ. ಮಂಜು ಬಿಡೋದು ಎಂಟೂವರೆಗೆ. ಆನೆ ಇರೋದು ಆ ಅರ್ಧ ಗಂಟೆಯಲ್ಲಿ." ವೇದಿಕೆಯ ಮೇಲಿದ್ದವರು ತಲೆಯಾಡಿಸಿದರು. ನಿರ್ಣಯಗಳ ಪಟ್ಟಿಯಲ್ಲಿ ಕೆಲಸದ ಸಮಯದ ಮಾತು ಬರಲಿಲ್ಲ, ಆನೆಗಳನ್ನು ಹಿಡಿದು ಸಾಗಿಸಬೇಕು ಅಂತ ಬಂತು. ಅರ್ಧ ಗಂಟೆ ತಡ ಮಾಡೋದಕ್ಕೆ ಸರ್ಕಾರದ ಅಪ್ಪಣೆ ಬೇಕಿರಲಿಲ್ಲ. ಬಹುಶಃ ಅದಕ್ಕೇ ನಿರ್ಣಯವಾಗಲಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಲ್ಲಿದ್ದವರಲ್ಲಿ ಎಷ್ಟೋ ಜನ ತೋಟಗಳ ಲೈನ್ ಮನೆಗಳಿಂದಲೇ ಹೊರಬಂದವರು. ತಮ್ಮದೇ ಒಂದು ಸೂರು ಬೇಕು ಅಂತ ಹೊರಬಂದವರು. ಇದು ಅರಣ್ಯದ ಪ್ರಶ್ನೆ ಅಂತ ನಾವು ಮಾತಾಡಿದೆವು. ಅಕ್ಕನ ತಂಗಿಯ ಸಂಸಾರವೂ ಅಲ್ಲಿತ್ತು ಅಂತ ನನಗೆ ಗೊತ್ತಾಗಿದ್ದು ಆ ಕಲ್ಯಾಣ ಮಂಟಪದಲ್ಲಿ. ಹೆಚ್ಚೂಕಡಿಮೆ ಎರಡು ವರ್ಷ ಕಳೆದ ಮೇಲೆ.

ಹೋದ ವರ್ಷದ ಗ್ರಾಮಸಭೆಗೆ ಅಕ್ಕನನ್ನು ನಾನೇ ಜೀಪಿನಲ್ಲಿ ಕರೆದುಕೊಂಡು ಹೋದೆ. ಕೆರೆಯ ಕಥೆ ಅವರ ಬಾಯಲ್ಲೇ ಬರಲಿ ಅಂತ. ಶಾಲೆಯ ಹಾಲ್. ಮುಂದೆ ಕುರ್ಚಿ, ಹಿಂದೆ ಬೆಂಚು. ಅವರು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತರು. ನಾನು ಮುಂದೆ ಕರೆದೆ, ಬರಲಿಲ್ಲ. ಹಾಜರಾತಿ ಪುಸ್ತಕ ಸುತ್ತು ಬಂತು, ಹೆಬ್ಬೆಟ್ಟು ಒತ್ತಿದರು. ಇಲಾಖೆಯವರು ಒಬ್ಬೊಬ್ಬರಾಗಿ ತಮ್ಮ ಯೋಜನೆ ಓದಿದರು. ರಸ್ತೆಗೆ ಕಾಂಕ್ರೀಟ್ ಹಾಕಿಲ್ಲ ಅಂತ ಮುಕ್ಕಾಲು ಗಂಟೆ ಜಗಳ ನಡೆಯಿತು. ಮಧ್ಯೆ ಒಂದು ಸಲ ನಾನು ಎದ್ದು, ಬರೆ ಕಡಿಯುವ ಮೊದಲು ಮೇಲಿನ ಮತ್ತು ಕೆಳಗಿನ ಮನೆಯವರಿಗೆ ಹೇಳಬೇಕು ಅಂತ ನಮ್ಮ ಪಂಚಾಯಿತಿಯಲ್ಲಾದರೂ ಒಂದು ನಿಯಮ ಮಾಡೋಣ ಅಂದೆ. ನನ್ನದೇ ಬರೆಯ ಕಥೆಯನ್ನೂ ಹೇಳಿದೆ. ಹಿಂದಿನಿಂದ ಯಾರೋ "ನಿಮ್ಮ ಶೆಡ್ ಆಯ್ತಲ್ಲ, ಈಗ ನಮಗೆ ನಿಯಮವಾ?" ಅಂದರು. ಎಲ್ಲರೂ ನಕ್ಕರು. ಅವರು ಹೇಳಿದ್ದು ತಪ್ಪೂ ಅಲ್ಲ. ತಿರುಗಿ ನೋಡುವಾಗ ಬಾಗಿಲ ಹತ್ತಿರ ಅಕ್ಕ ಇರಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೋಗಿದ್ದರು.

ಮಾರನೇ ದಿನ ನೆರಳು ಮರದ ಕೊಂಬೆ ಸವರುವ ಮರಗಸಿ ಕೆಲಸದ ಹತ್ತಿರ ಸಿಕ್ಕಾಗ, "ಯಾಕಕ್ಕ, ಹೇಳದೆ ಹೋದ್ರಿ?" ಅಂದೆ.

"ಅಲ್ಲಿ ಎಲ್ಲಾ ರೋಡಿನ ಮಾತು ಸಾವ್ಕಾರ್ರೆ. ಬನ್ನಿ, ಇಲ್ಲೊಂದು ತೋರಿಸ್ತೀನಿ."

ಹಳೇ ಕೆರೆ ಇದ್ದ ಜಾಗದ ಎಡಕ್ಕೆ ಕರೆದುಕೊಂಡು ಹೋದರು. ಆ ಕೆರೆಯನ್ನು ನಾನು ಮುಚ್ಚಿಸಿದ್ದೇನೆ, ಈಗ ನೀರು ನಿಲ್ಲಿಸೋದು ಕೆಳಗೆ ಗದ್ದೆ ಪಕ್ಕ. ಬರೆಗೆ ಮೆಟ್ಟಿಲು ಮಾಡಿ ಲಾವಂಚ ನೆಟ್ಟಿದ್ದೇನೆ, ಮೇಲೆ ನೀರು ಹರಿದು ಹೋಗಲು ಚರಂಡಿ ಇದೆ. ಎಲ್ಲ ಮಾಡಿದೆ ಅಂದುಕೊಂಡಿದ್ದೆ. ಅಕ್ಕ ಒಂದು ಅತ್ತಿ ಮರದ ಬುಡದಲ್ಲಿ ಬಗ್ಗಿ ತರಗೆಲೆ ಸರಿಸಿದರು. ಅಂಗೈ ಅಗಲದ ಒದ್ದೆ. ಒತ್ತಿದರೆ ನೀರು ಕೂಡುತ್ತಿತ್ತು. "ಈ ಜಾಗ ಮೊದಲು ಒಣಗಿರ್ತಿತ್ತು. ಈ ಸಲ ಮಳೆ ಬಿಟ್ಟು ಹನ್ನೆರಡು ದಿನ ಆಯ್ತು, ಇನ್ನೂ ಇದೆ." ಆ ಮರದಿಂದ ನೇರ ಕೆಳಗೆ ನೋಡಿದರೆ ಲೈನ್ ಮನೆಯ ಹೆಂಚು ಕಾಣುತ್ತದೆ. ನಾಲ್ಕು ಮನೆಗಳಲ್ಲಿ ಎರಡನ್ನು 2021ರಲ್ಲಿ ಆಚೆ ದಿಣ್ಣೆಗೆ ಬದಲಿಸಿ ಕಟ್ಟಿಸಿದೆ. ಉಳಿದ ಎರಡು, ಕುಯ್ಲು ಮುಗಿಯಲಿ, ಕಾಫಿಗೆ ರೇಟ್ ಬರಲಿ ಅಂತ ಮುಂದೆ ಹೋಗುತ್ತಾ ಬಂದಿವೆ. ರೇಟ್ ಬಂತು. ನೆಲ ಮಟ್ಟ ಮಾಡಬೇಕು, ಮತ್ತೆ ಬರೆ ಕಡಿಯಬೇಕು ಅನ್ನೋ ನೆಪ ಬಂತು. ಅಕ್ಕನ ಮನೆ ಆ ಎರಡರಲ್ಲಿ ಒಂದು.

ಮನೆಗೆ ಬಂದು ಮಳೆ ಪುಸ್ತಕ ತೆಗೆದೆ. ಅಪ್ಪನ ಕಾಲದಿಂದ ಪುಟಕ್ಕೆ ಎರಡೇ ಕಾಲಂ, ತಾರೀಖು ಮತ್ತು ಇಂಚು. ಬಲಗಡೆ ಖಾಲಿ ಇದ್ದ ಜಾಗದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದೆ. ಮೇಲೆ 'ಒಸರು' ಅಂತ ಬರೆದೆ. ಆ ದಿನದ ಸಾಲು ಹೀಗಿದೆ: ಮಳೆ ಇಲ್ಲ. ಅತ್ತಿ ಮರದ ಬುಡ, ಅಂಗೈ ಅಗಲ. ಅಕ್ಕ ನೋಡಿದ್ದು.

ಈಗ ವಾರಕ್ಕೊಮ್ಮೆ ಅವರು ಜಗಲಿಯ ಮೆಟ್ಟಿಲ ಹತ್ತಿರ ನಿಂತು ಹೇಳುತ್ತಾರೆ, ನಾನು ಬರೆಯುತ್ತೇನೆ. ಒಳಗೆ ಬನ್ನಿ ಅಂದರೆ ಇನ್ನೂ ಬರುವುದಿಲ್ಲ. ಹೋದ ವಾರ ಒಂದೇ ಸಾಲು ಹೇಳಿದರು, ಎರಡು ಕಡೆ ಏಡಿ ಕಂಡಿದೆ ಅಂತ.